ಕುತ್ತಿಗೆಗೆ ಇಂಜೆಕ್ಷನ್ ಬೇಕೇ? ತೀರ್ಮಾನದಿಂದ ಡಿಸ್ಚಾರ್ಜ್ ಚೀಟಿಯವರೆಗೆ

ಕುತ್ತಿಗೆ ನೋವು ಹಿಡಿದು ಮೂರು ತಿಂಗಳು ದಾಟಿದವರು ನೋವಿನ ವಿಭಾಗಕ್ಕೆ ಬರುವಾಗ ದೊಡ್ಡ ಎಂಆರ್‌ಐ ಕವರ್ ತಂದಿರುತ್ತಾರೆ. ಕುಳಿತ ಕೂಡಲೇ ಕೇಳುವುದು ಒಂದೇ: “ಇಂಜೆಕ್ಷನ್ ಹಾಕಿಸ್ಕೊಂಡ್ರೆ ಪೂರ್ತಿ ಹೋಗುತ್ತಾ ಡಾಕ್ಟ್ರೇ?” ಯಾವ ಇಂಜೆಕ್ಷನ್, ಯಾವ ನೋವಿಗೆ ಎಂಬುದು ಗೊತ್ತಾಗದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಸೊಂಟಕ್ಕೆ ಚುಚ್ಚುವ ಡೈಕ್ಲೋಫೆನಾಕ್, ನರಕ್ಕೆಂದು ಕೊಡುವ ಬಿ12, ಬಿಗಿದ ಸ್ನಾಯುವಿನ ಗಂಟಿಗೆ ಹಾಕುವ ಸೂಜಿ, ಬೆನ್ನುಹುರಿಯ ಹೊದಿಕೆಯ ಹೊರಗೆ ಬಿಡುವ ಸ್ಟಿರಾಯ್ಡ್, ಕುತ್ತಿಗೆಯ ಕೀಲಿನ ನರಕ್ಕೆ ಕೊಡುವ ಬ್ಲಾಕ್, ಎಲ್ಲಕ್ಕೂ ಜನರ ಬಾಯಲ್ಲಿ ಹೆಸರು ಇಂಜೆಕ್ಷನ್ನೇ. ಇಲ್ಲಿ ಹೇಳುವುದು ಕೊನೆಯ ಎರಡರ ವಿಚಾರ. ಅವೆರಡೂ ಬೇರೆ ಬೇರೆ ನೋವಿಗೆ ಇರುವಂಥವು. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ದುಡ್ಡೂ ದಂಡ, ಅಪಾಯವೂ ದಂಡ.

ಆದ್ದರಿಂದ ಮೊದಲ ಭೇಟಿಯ ಹೆಚ್ಚಿನ ಸಮಯ ನೋವಿನ ಮೂಲ ಹುಡುಕುವುದಕ್ಕೇ ಹೋಗುತ್ತದೆ, ಹೋಗಲೇಬೇಕು. ಕುತ್ತಿಗೆಯಲ್ಲಿ ಏಳು ಮೂಳೆ, ಎಂಟು ಜೊತೆ ನರ. ನೋವು ಕುತ್ತಿಗೆಗಿಂತ ಕೈಯಲ್ಲೇ ಜೋರಾಗಿದ್ದು, ಕರೆಂಟ್ ಹೊಡೆದಂತೆ ಇಳಿದು ಬೆರಳು ಜೋಮು ಹಿಡಿಯುತ್ತಿದ್ದರೆ ನರದ ಬೇರು ಒತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಹೆಬ್ಬೆರಳಿನ ಕಡೆ ಜೋಮಿದ್ದರೆ ಸಾಮಾನ್ಯವಾಗಿ ಆರನೇ ನರ, ನಡುಬೆರಳಿಗೆ ಜೋಮಿದ್ದು, ಮೊಣಕೈ ನೀಡುವ ಬಲ ಕಡಿಮೆಯಾಗಿದ್ದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಹೆಚ್ಚು ಪೆಟ್ಟು ತಿನ್ನುವುದು ಏಳನೇ ನರ. ತಲೆಯನ್ನು ನೋವಿರುವ ಬದಿಗೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿದಾಗ ಕೈಗೆ ಸೆಳೆತ ಇಳಿದರೆ ಅದು ನರದ ಕಡೆಗೇ ಬೊಟ್ಟು ಮಾಡುತ್ತದೆ. ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಾಗ ನೋವು ತಗ್ಗುತ್ತದೆ ಎಂದು ಎಷ್ಟೋ ಮಂದಿ ತಾವಾಗಿಯೇ ಹೇಳುತ್ತಾರೆ. ಅದೂ ನರದ್ದೇ ಲಕ್ಷಣ.

ಕೈಗೆ ಇಳಿಯದೆ ಕುತ್ತಿಗೆಯಲ್ಲೇ ನಿಂತ, ಹಿಂತಲೆಗೆ ಏರುವ ಅಥವಾ ಹೆಗಲ ಎಲುಬಿನ ತನಕ ಹರಡುವ ಮಂದ ನೋವು ಬೇರೆ ಜಾತಿ. ಹಿಂದೆ ತಿರುಗಿ ನೋಡಿದಾಗ, ತಲೆ ಮೇಲಕ್ಕೆತ್ತಿದಾಗ ಹೆಚ್ಚುತ್ತಿದ್ದರೆ ಮೂಳೆಗಳ ಹಿಂಬದಿಯ ಸಣ್ಣ ಕೀಲುಗಳಿಂದ ಬಂದಿರಬಹುದು. ಎರಡನೇ ಮತ್ತು ಮೂರನೇ ಮೂಳೆಯ ನಡುವಿನ ಕೀಲು ತಲೆನೋವಿನ ವೇಷದಲ್ಲಿ ಬರುತ್ತದೆ. ಐದು ಮತ್ತು ಆರರ ನಡುವಿನದು ಹೆಗಲಿನ ನೋವಾಗಿ ಕಾಣಿಸುತ್ತದೆ, ಜನ ಭುಜದ ಡಾಕ್ಟರ ಹತ್ತಿರ ಹೋಗಿ ಬಂದಿರುತ್ತಾರೆ.

ಕೆಲಸ ಏನೆಂದೂ ಕೇಳಬೇಕು. ಮಲೆನಾಡಿನಲ್ಲಿ ಈಗ ಅಡಿಕೆ ಕೊಯ್ಲಿಗೂ ಔಷಧಿ ಹೊಡೆಯುವುದಕ್ಕೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವ ಅಪಾಯ ತಪ್ಪಿತು, ಆದರೆ ನೆಲದಲ್ಲಿ ನಿಂತು ಗಂಟೆಗಟ್ಟಲೆ ಕತ್ತೆತ್ತಿ ನೋಡಬೇಕು. ತಲೆ ಹಿಂದಕ್ಕೆ ಬಾಗಿದಷ್ಟೂ ನರ ಹೊರಬರುವ ಕಿಂಡಿ ಕಿರಿದಾಗುತ್ತದೆ, ಕೀಲುಗಳ ಮೇಲೆ ಭಾರ ಕೂರುತ್ತದೆ. ಅಂಥವರಿಗೆ ಕೆಲಸದ ಸರದಿ ಬದಲಿಸದೆ ಯಾವ ಸೂಜಿ ಕೊಟ್ಟರೂ ಮುಂದಿನ ಕೊಯ್ಲಿಗೆ ನೋವು ಮರಳಿರುತ್ತದೆ.

ಇನ್ನು ಆ ಎಂಆರ್‌ಐ ಕವರ್. ವರದಿಯಲ್ಲಿ “ಡಿಸ್ಕ್ ಬಲ್ಜ್” (ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದಿದ್ದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಎಂದುಕೊಳ್ಳಬೇಡಿ. ಜಪಾನಿನಲ್ಲಿ ಕುತ್ತಿಗೆಯ ತೊಂದರೆಯೇ ಇಲ್ಲದ 1,211 ಮಂದಿಯ ಸ್ಕ್ಯಾನ್ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 87.6% ಜನರಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ. ಸ್ಕ್ಯಾನಿನಲ್ಲಿ ಕಂಡ ಮಟ್ಟ, ಜೋಮು ಹಿಡಿದ ಬೆರಳು, ಬಲ ಕುಂದಿದ ಸ್ನಾಯು ಮೂರೂ ಒಂದೇ ನರವನ್ನು ತೋರಿಸಿದರೆ ಮಾತ್ರ ಆ ಚಿತ್ರಕ್ಕೆ ಬೆಲೆ.

ಈ ಹಂತದಲ್ಲಿ ಇಂಜೆಕ್ಷನ್ ಮಾತನ್ನೇ ಬದಿಗಿಡಬೇಕಾದ ಕೆಲವು ಲಕ್ಷಣಗಳಿವೆ. ಅಂಗಿಯ ಗುಂಡಿ ಹಾಕಲು ಕೈ ತಡವರಿಸುವುದು, ಅಕ್ಷರ ಕೆಡುವುದು, ನಡೆಯುವಾಗ ಕಾಲು ಬಿಗಿದು ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಶಾಕ್ ಹೊಡೆಯುವುದು ಬೆನ್ನುಹುರಿಯೇ ಒತ್ತಿರುವುದರ ಸೂಚನೆ. ಅವರು ನೇರ ನರ ಅಥವಾ ಬೆನ್ನುಮೂಳೆ ಶಸ್ತ್ರವೈದ್ಯರ ಹತ್ತಿರ ಹೋಗಬೇಕು. ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಆಗಿದ್ದ ಇತಿಹಾಸ ಇದ್ದರೂ ಅಷ್ಟೇ. ನಮ್ಮ ನಾಡಿನಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪವೇನಲ್ಲ, ಅದರ ಮೇಲೆ ಸ್ಟಿರಾಯ್ಡ್ ಬಿದ್ದರೆ ಸೋಂಕು ಹಬ್ಬುತ್ತದೆ.

ಇವೇನೂ ಇಲ್ಲದವರ ಮುಂದೆ ಮೊದಲು ಇಡುವುದು ವ್ಯಾಯಾಮ. “ಅದೆಲ್ಲ ಮಾಡಾಯ್ತು, ಹತ್ತು ದಿನ ಫಿಸಿಯೋಗೆ ಹೋಗಿದ್ದೆ” ಎನ್ನುವವರನ್ನು ಕೆದಕಿ ಕೇಳಿದರೆ ಹತ್ತು ದಿನವೂ ಐಎಫ್‌ಟಿ ಎಂಬ ಕರೆಂಟ್ ಚಿಕಿತ್ಸೆ, ಅಲ್ಟ್ರಾಸೌಂಡ್, ಶಾಖ, ಕುತ್ತಿಗೆ ಎಳೆಯುವ ಟ್ರ್ಯಾಕ್ಷನ್ ಆಗಿರುತ್ತದೆ. ರೋಗಿ ಮಲಗಿದ್ದು, ಯಂತ್ರ ಕೆಲಸ ಮಾಡಿರುತ್ತದೆ. ಅದರಿಂದ ಆ ಹೊತ್ತಿಗೆ ಹಾಯೆನಿಸಬಹುದು, ಸ್ನಾಯುವಿಗೆ ಬಲ ಬರುವುದಿಲ್ಲ. ಕೈಗಿಳಿಯುವ ನೋವಿನಲ್ಲಿ ವ್ಯಾಯಾಮದ ಜೊತೆ ಟ್ರ್ಯಾಕ್ಷನ್ ಸೇರಿಸಿದರೆ ಕೆಲವರಿಗೆ ಅನುಕೂಲವಿದೆ. ಬರೀ ಟ್ರ್ಯಾಕ್ಷನ್ ಸಾಲದು.

ನಿಜವಾದ ಕಾರ್ಯಕ್ರಮ ಹೀಗೆ ನಡೆಯುತ್ತದೆ. ಅಂಗಾತ ಮಲಗಿ, ತಲೆಯಡಿಗೆ ಮಡಿಸಿದ ತೆಳ್ಳನೆ ಟವೆಲ್. ನಾಲಿಗೆ ಅಂಗುಳಕ್ಕೆ ತಾಗಿರಲಿ. ಹೂಂ ಎಂದು ತಲೆಯಾಡಿಸುವಷ್ಟೇ ಮೆಲ್ಲಗೆ ಗದ್ದವನ್ನು ಒಳಗೆ ಬಾಗಿಸಿ 10 ಸೆಕೆಂಡ್ ಹಿಡಿಯಿರಿ, 10 ಸಲ. ಕುತ್ತಿಗೆಯ ಮುಂದಿನ ಎರಡು ಹಗ್ಗದಂಥ ಸ್ನಾಯು ಉಬ್ಬಿದರೆ ಹೆಚ್ಚು ಬಲ ಹಾಕಿದಿರಿ ಎಂದರ್ಥ. ದುಡಿಯಬೇಕಾದದ್ದು ಅದರ ಹಿಂದೆ ಆಳದಲ್ಲಿರುವ ಸ್ನಾಯು. ಗಾಳಿಚೀಲದ ಒತ್ತಡ ಮಾಪಕ ಇರುವ ಕಡೆ ಅದನ್ನು ಕುತ್ತಿಗೆಯ ಕೆಳಗಿಟ್ಟು 20ಕ್ಕೆ ಹೊಂದಿಸಿ 22, 24 ಹೀಗೆ ಎರಡೆರಡೇ ಏರಿಸುತ್ತ 30 ಮಿ.ಮೀ. ಪಾದರಸದ ತನಕ ಹೋಗುತ್ತಾರೆ. ಒಂದೆರಡು ವಾರದಲ್ಲಿ ಇದು ಕೈಗೆ ಬಂದ ಮೇಲೆ ಎಲಾಸ್ಟಿಕ್ ಬ್ಯಾಂಡ್ ಎಳೆತ, ಹೆಗಲ ಎಲುಬನ್ನು ಹಿಂದಕ್ಕೂ ಕೆಳಕ್ಕೂ ಹಿಡಿಯುವ ವ್ಯಾಯಾಮ, ತಲೆಗೆ ಕೈ ಅಡ್ಡಕೊಟ್ಟು ತಳ್ಳುವುದು. ತಲಾ 10–12ರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಬ್ಯಾಂಡ್ ಸಲೀಸಾದ ಮೇಲೆ ಅದಕ್ಕಿಂತ ಬಿಗಿಯಾದದ್ದಕ್ಕೆ ಹೋಗಲೇಬೇಕು. ಬಹಳ ಮಂದಿ ತಪ್ಪುವುದು ಇಲ್ಲೇ, ಮೊದಲ ವಾರದ ಬ್ಯಾಂಡನ್ನೇ ಆರು ತಿಂಗಳು ಎಳೆಯುತ್ತಾರೆ.

ಮಾಡಿದ ಮೇಲೆ ಕುತ್ತಿಗೆ ಸ್ವಲ್ಪ ನೊಂದು ಒಂದು ದಿನದೊಳಗೆ ತಣಿದರೆ ಮುಂದುವರಿಸಿ. ಕೈಯ ನೋವು ಮೇಲಕ್ಕೆ, ಕುತ್ತಿಗೆಯ ಕಡೆಗೆ ಹಿಂದೆ ಸರಿಯುತ್ತಿದ್ದರೆ ಅದು ಒಳ್ಳೆಯ ಸೂಚನೆ, ಕುತ್ತಿಗೆ ತುಸು ಹೆಚ್ಚು ನೊಂದರೂ ಸರಿ. ಬೆರಳಿನ ಕಡೆಗೆ ಇಳಿಯುತ್ತಿದ್ದರೆ ನಿಲ್ಲಿಸಿ ತೋರಿಸಿ. ಫಲ ಅಳೆಯುವುದು ಆರನೇ ವಾರಕ್ಕೆ, ತೀರ್ಪು ಹನ್ನೆರಡನೇ ವಾರಕ್ಕೆ. ಫಿನ್ಲೆಂಡಿನಲ್ಲಿ 180 ಮಂದಿ ಮಹಿಳಾ ಕಚೇರಿ ಉದ್ಯೋಗಿಗಳ ಮೇಲೆ ನಡೆದು 2003ರಲ್ಲಿ ಬಂದ ಅಧ್ಯಯನದಲ್ಲಿ ಒಂದು ವರ್ಷ ಬಲವರ್ಧನೆ ಮಾಡಿದವರ ನೋವೂ ಅಡಚಣೆಯೂ ಸ್ಪಷ್ಟವಾಗಿ ತಗ್ಗಿತ್ತು. ಒಂದು ವರ್ಷ ಎಂಬ ಮಾತನ್ನು ಗಮನಿಸಿ. ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ನೆಟಿಗೆ ತೆಗೆಸುವುದನ್ನು ಮಾತ್ರ ಇವತ್ತೇ ಬಿಡಿ. ಮಿದುಳಿಗೆ ರಕ್ತ ಒಯ್ಯುವ ನಾಳ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ದಾಖಲಾಗಿವೆ.

ಮಾತ್ರೆಗಳ ವಿಚಾರ ಬೇಗ ಮುಗಿಯುತ್ತದೆ. ನೋವು ಕೆರಳಿದಾಗ ಕೆಲವು ದಿನಕ್ಕೆ ಉರಿಯೂತ ತಗ್ಗಿಸುವ ಮಾತ್ರೆ. ಕಿಡ್ನಿ, ಹೊಟ್ಟೆ ಹುಣ್ಣು, ಬಿಪಿ ತೊಂದರೆ ಇರುವವರಿಗೆ ಅದೂ ಬೇಡ. ನರದ ಸೆಳೆತಕ್ಕೆ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ.ನಿಂದ, ಪ್ರಿಗಾಬಲಿನ್ ಆದರೆ ಸಣ್ಣ ಪ್ರಮಾಣದಿಂದ ರಾತ್ರಿ ಹೊತ್ತು ಆರಂಭಿಸುತ್ತಾರೆ. ತಲೆಸುತ್ತು, ಮಂಪರು, ಕಾಲೂತ, ತೂಕ ಏರುವುದು ಇದ್ದದ್ದೇ. ಪ್ರಿಗಾಬಲಿನ್ ಅನ್ನು ಒಂದೇ ದಿನಕ್ಕೆ ನಿಲ್ಲಿಸಬಾರದು. ಕಾಲರ್ ಅನ್ನು ಹೊಸದಾಗಿ ಶುರುವಾದ ಕೈನೋವಿಗೆ ಕೆಲವು ವಾರ ಹಾಕಬಹುದು, ಹಳೆಯ ನೋವಿಗೆ ಹಾಕಿಕೊಂಡೇ ಇದ್ದರೆ ಸ್ನಾಯು ಸೊರಗುತ್ತದೆ.

ಹಾಗಾದರೆ ಸೂಜಿ ಯಾರಿಗೆ? ನರದ ಬೇರಿನ ಉರಿಯೂತದಿಂದ ಕೈ ಸುಡುತ್ತಿದ್ದು, ಆರೇಳು ವಾರ ಕಳೆದರೂ ನಿದ್ದೆ ಬಾರದೆ, ವ್ಯಾಯಾಮ ಮಾಡಲೂ ಆಗದವರಿಗೆ ಎಪಿಡ್ಯೂರಲ್ ಸ್ಟಿರಾಯ್ಡ್, ಅಂದರೆ ಬೆನ್ನುಹುರಿಯ ಹೊದಿಕೆಯ ಹೊರಗೆ ಬಿಡುವ ಸ್ಟಿರಾಯ್ಡ್, ಒಂದು ಆಯ್ಕೆ. ಅದು ಉಬ್ಬಿದ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ, ನರದ ಸುತ್ತಲಿನ ಊತ ತಗ್ಗಿಸುತ್ತದೆ. ಸಿಕ್ಕರೆ ಸಿಗುವುದು ಕೆಲವು ವಾರಗಳಿಂದ ಕೆಲವು ತಿಂಗಳ ಬಿಡುವು. ಹೆಚ್ಚಿನವರಲ್ಲಿ ಕೈಗಿಳಿಯುವ ನೋವು ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಆ ಅವಧಿಯನ್ನು ದಾಟಿಸುವುದಷ್ಟೇ ಸೂಜಿಯ ಕೆಲಸ. ಕೈಗೆ ಇಳಿಯದ ಬರೀ ಕುತ್ತಿಗೆ ನೋವಿಗೆ ಎಪಿಡ್ಯೂರಲ್ ಕೊಡುವುದಕ್ಕೆ ಆಧಾರ ತೀರಾ ತೆಳು. ನಮ್ಮನ್ನು ಕೇಳಿದರೆ ಬೇಡವೆನ್ನುತ್ತೇವೆ.

ಅಪಾಯವನ್ನು ಮುಚ್ಚಿಡುವಂತಿಲ್ಲ. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಪಿಡ್ಯೂರಲ್ ಸ್ಟಿರಾಯ್ಡ್‌ನಿಂದ ಅಪರೂಪಕ್ಕೆ ದೃಷ್ಟಿನಾಶ, ಪಾರ್ಶ್ವವಾಯು, ಕೈಕಾಲು ಬಿದ್ದುಹೋಗುವುದು, ಸಾವು ಸಂಭವಿಸಬಹುದು ಎಂದು ಎಚ್ಚರಿಸಿತು. ಕುತ್ತಿಗೆಯಲ್ಲಿ ಇದಕ್ಕೆ ಕಾರಣ ರಚನೆಯಲ್ಲೇ ಇದೆ: ನರ ಹೊರಬರುವ ಕಿಂಡಿಯ ಹತ್ತಿರ ಮಿದುಳಿಗೂ ಬೆನ್ನುಹುರಿಗೂ ಹೋಗುವ ಸಣ್ಣ ಅಪಧಮನಿಗಳಿವೆ. ಟ್ರಯಾಮ್ಸಿನೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್‌ನಂಥ ಹರಳುಕಣದ ಸ್ಟಿರಾಯ್ಡ್ ಅಲ್ಲಿ ಹೊಕ್ಕರೆ ರಕ್ತದ ದಾರಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬದಿಯ ಕಿಂಡಿಯ ಮೂಲಕ ಕೊಡುವುದಾದರೆ ಕಣವಿಲ್ಲದ ಡೆಕ್ಸಾಮೆಥಾಸೋನ್ ಮಾತ್ರ. ಹಿಂಬದಿಯಿಂದ ಕೊಡುವಾಗ ಕುತ್ತಿಗೆಯ ಏಳನೇ ಮೂಳೆ ಮತ್ತು ಎದೆಭಾಗದ ಮೊದಲ ಮೂಳೆಯ ನಡುವೆಯೇ ಹೋಗುವುದು ಒಳ್ಳೆಯದು. ಮೇಲಕ್ಕೆ ಹೋದಷ್ಟೂ ಜಾಗ ಕಿರಿದು, ಸೂಜಿಗೂ ಬೆನ್ನುಹುರಿಗೂ ನಡುವೆ ಅಂತರವೇ ಉಳಿಯುವುದಿಲ್ಲ. ತೊಂದರೆ ಐದು-ಆರರ ಮಟ್ಟದಲ್ಲಿದ್ದರೂ ಔಷಧ ಕೆಳಗಿನಿಂದ ಮೇಲೇರುತ್ತದೆ.

ಕೀಲಿನ ನೋವಿಗೆ ದಾರಿಯೇ ಬೇರೆ. ಕೀಲಿನೊಳಗೆ ಸ್ಟಿರಾಯ್ಡ್ ತುಂಬುವುದು ಫಲ ಕೊಡುವುದಿಲ್ಲ ಎಂದು 1994ರಲ್ಲೇ 41 ರೋಗಿಗಳ ಅಧ್ಯಯನ ತೋರಿಸಿತು. ಬರೀ ಮರಗಟ್ಟಿಸುವ ಔಷಧ ಪಡೆದವರಿಗೂ ಸ್ಟಿರಾಯ್ಡ್ ಪಡೆದವರಿಗೂ ವ್ಯತ್ಯಾಸವಿರಲಿಲ್ಲ. ಮಾಡಬೇಕಾದದ್ದು ಪರೀಕ್ಷೆಯ ಬ್ಲಾಕ್. ಒಂದೊಂದು ಕೀಲಿಗೆ ಎರಡು ಸಣ್ಣ ನರ, ಎರಡಕ್ಕೂ ಸುಮಾರು 0.3 ಮಿ.ಲೀ. ಮರಗಟ್ಟಿಸುವ ಔಷಧ. ಅಷ್ಟು ಕಡಿಮೆ ಯಾಕೆಂದರೆ ಹೆಚ್ಚಾದರೆ ಪಕ್ಕದ ಸ್ನಾಯುವಿಗೆ ಹರಡಿ ಉತ್ತರ ಸುಳ್ಳಾಗುತ್ತದೆ. ಅವತ್ತು ನೋವಿನ ಮಾತ್ರೆ ಬೇಡ, ಮಂಪರಿನ ಔಷಧವೂ ಬೇಡ. ಬ್ಲಾಕ್ ಆದ ಮೇಲೆ ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಪರೀಕ್ಷೆ ಕೆಟ್ಟಂತೆ. ಯಾವುದು ಮಾಡಿದರೆ ನೋವು ಬರುತ್ತಿತ್ತೋ ಅದನ್ನೇ ಮಾಡಿ, ಅರ್ಧ ಗಂಟೆಗೊಮ್ಮೆ 0ಯಿಂದ 10ರವರೆಗಿನ ಅಂಕ ಬರೆದಿಡಿ. ನೋವು 80% ತಗ್ಗಿ, ಔಷಧ ಇಳಿದಾಗ ಮರಳಿದರೆ ಬೇರೊಂದು ದಿನ ಇನ್ನೊಮ್ಮೆ ಬ್ಲಾಕ್. ಎರಡೂ ಸಲ ಹಾಗೇ ಆದರೆ ಮಾತ್ರ ರೇಡಿಯೋಫ್ರೀಕ್ವೆನ್ಸಿ (ಆರ್‌ಎಫ್): ಸುಮಾರು 80 ಡಿಗ್ರಿ ಶಾಖದಲ್ಲಿ 60–90 ಸೆಕೆಂಡ್ ಆ ನರವನ್ನು ಸುಡುವುದು. ಒಂದೆರಡು ವಾರ ಚರ್ಮ ಬಿಸಿಲಿಗೆ ಸುಟ್ಟಂತೆ ಉರಿಯಬಹುದು. ನರ ಮತ್ತೆ ಬೆಳೆಯುತ್ತದೆ, ನೋವೂ ಮರಳಬಹುದು, ಆಗ ಮತ್ತೆ ಮಾಡಬಹುದು.

ಇದರ ಬಗ್ಗೆ ಪರಿಣತರಲ್ಲೇ ಜಗಳವಿದೆ. 1996ರಲ್ಲಿ ವಾಹನ ಅಪಘಾತದ ನಂತರದ ಕುತ್ತಿಗೆ ನೋವಿನ 24 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ನೋವು ಅರ್ಧಮಟ್ಟಕ್ಕೆ ಮರಳಲು ನಿಜವಾದ ಚಿಕಿತ್ಸೆ ಪಡೆದವರಲ್ಲಿ ಮಧ್ಯಾಂಕ 263 ದಿನ, ತೋರಿಕೆಯ ಚಿಕಿತ್ಸೆಯವರಲ್ಲಿ 8 ದಿನ. ಇನ್ನೊಂದು ಕಡೆ, 2025ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ ಮೂರು ತಿಂಗಳು ಮೀರಿದ ಬೆನ್ನುಮೂಳೆ ನೋವಿಗೆ ಎಪಿಡ್ಯೂರಲ್, ಕೀಲಿನ ಇಂಜೆಕ್ಷನ್, ರೇಡಿಯೋಫ್ರೀಕ್ವೆನ್ಸಿ ಯಾವುದೂ ಬೇಡ ಎಂದು ಗಟ್ಟಿಯಾಗಿ ಹೇಳಿತು. ನೋವು ತಜ್ಞರ ಸಂಘಟನೆಗಳು ಒಪ್ಪಲಿಲ್ಲ. ನಮ್ಮ ಅಭಿಪ್ರಾಯ ಇಷ್ಟು: 1996ರ ಆ 24 ಮಂದಿ ಪರೀಕ್ಷಾ ಬ್ಲಾಕ್‌ಗಳಲ್ಲಿ ಸೋಸಿ ಬಂದವರು. ಹಾಗೆ ಸೋಸದೆ ಎಂಆರ್‌ಐ ನೋಡಿ ಸೂಜಿ ಹಾಕುವ ಕಡೆ ಮಾರ್ಗಸೂಚಿಯ ಮಾತೇ ಸರಿ. ನಿಮಗೆ ಒಂದೇ ದಿನ “ಬ್ಲಾಕ್, ಎಪಿಡ್ಯೂರಲ್, ಆರ್‌ಎಫ್ ಸೇರಿ ಪ್ಯಾಕೇಜ್” ಎಂದು ಹೇಳಿದರೆ ಎದ್ದು ಬನ್ನಿ.

ತೀರ್ಮಾನಕ್ಕೆ ಮೊದಲು ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿಸುತ್ತೇವೆ. ಏನಾದರೆ ಗೆದ್ದೆವು ಎಂದು, ಏನಾಗದಿದ್ದರೆ ಎರಡನೆಯದು ಬೇಡ ಎಂದು. “ನೋವು ಕಡಿಮೆ ಆಗಬೇಕು” ಸಾಲದು. ರಾತ್ರಿ ಐದು ಗಂಟೆ ನಿದ್ದೆ, ಒಂದು ಗಂಟೆ ಹೊಲಿಗೆ ಮೆಷಿನ್ ಮುಂದೆ ಕೂರುವುದು, ಹೀಗೆ ಅಳೆಯಲು ಬರುವಂಥದ್ದು ಬೇಕು. ಕುತ್ತಿಗೆ ಅಡಚಣೆಯ ಸೂಚ್ಯಂಕ ಎಂಬ ಹತ್ತು ಪ್ರಶ್ನೆಯ, 50 ಅಂಕದ ಪಟ್ಟಿಯನ್ನೂ ಅಂದೇ ತುಂಬಿಸಿಡುವುದು ಮೇಲು.

ಒಪ್ಪಿದ ಮೇಲೆ ತಯಾರಿ. ರಕ್ತ ತೆಳು ಮಾಡುವ ಮಾತ್ರೆ ಮುಖ್ಯ: ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ 7 ದಿನ, ವಾರ್ಫರಿನ್ 5 ದಿನ ಮುಂಚೆ ನಿಲ್ಲಿಸಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ನೋಡಬೇಕು. ಆದರೆ ನಿಲ್ಲಿಸಲು ಹೇಳಬೇಕಾದವರು ಹೃದಯದ ವೈದ್ಯರು. ಹೊಸ ಸ್ಟೆಂಟ್ ಇರುವವರು ಸೂಜಿಗಾಗಿ ಮಾತ್ರೆ ಬಿಟ್ಟರೆ ಕುತ್ತಿಗೆ ಉಳಿಸಿಕೊಳ್ಳಲು ಹೋಗಿ ಹೃದಯ ಕಳೆದುಕೊಂಡಂತೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ತೋರಿಸಬೇಕು. ಸ್ಟಿರಾಯ್ಡ್‌ನಿಂದ ಸಕ್ಕರೆ ಕೆಲವು ದಿನ ಏರುತ್ತದೆ, ಮನೆಯಲ್ಲಿ ದಿನಕ್ಕೆ ಹಲವು ಸಲ ನೋಡಿಕೊಳ್ಳಬೇಕು. ಜ್ವರ, ಚರ್ಮದ ಹುಣ್ಣು, ಮೂತ್ರದ ಸೋಂಕು ಇದ್ದರೆ ಮುಂದೂಡಿ. ಗರ್ಭಿಣಿಯಿರಬಹುದೆಂಬ ಅನುಮಾನ, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಡುವ ಬಣ್ಣದ ಔಷಧದ ಅಲರ್ಜಿ ಮೊದಲೇ ಹೇಳಿ. ವಿಮೆಯಿದ್ದರೆ ಈ ಡೇಕೇರ್ ಚಿಕಿತ್ಸೆಗೆ ಒಪ್ಪಿಗೆ ಇದೆಯೇ ಎಂದು ಮುಂಚಿತವಾಗಿ ಬರಹದಲ್ಲಿ ಪಡೆಯಿರಿ.

ಸೂಜಿಯ ದಿನ ಬೋರಲು ಮಲಗಿಸಿ ಎದೆಯ ಕೆಳಗೆ ದಿಂಬು, ಹಣೆಗೆ ಆಸರೆ ಇಡುತ್ತಾರೆ. ಸೂಜಿ ಹೋಗುವುದನ್ನು ಪರದೆಯಲ್ಲಿ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಇಲ್ಲದೆ ಕುತ್ತಿಗೆಗೆ ಎಪಿಡ್ಯೂರಲ್ ಕೊಡುತ್ತೇವೆ ಎಂದರೆ ಬೇಡವೆನ್ನಿ. ಚರ್ಮ ಮರಗಟ್ಟಿಸಿ, ಸೂಜಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಮುಂದೊತ್ತುತ್ತಾರೆ. ಹಳದಿ ಅಸ್ಥಿರಜ್ಜು ದಾಟಿದಾಗ ಸಿರಿಂಜಿನ ತಡೆ ತಟ್ಟನೆ ಇಲ್ಲವಾಗುತ್ತದೆ. ಕುತ್ತಿಗೆಯಲ್ಲಿ ಆ ರಜ್ಜು ನಡುವೆ ಕೂಡಿರದೆ ಬಿಟ್ಟಿರುವುದುಂಟು, ಹಾಗಾಗಿ ಕೈಯ ಅಂದಾಜನ್ನು ನಂಬದೆ ಓರೆ ಅಥವಾ ಬದಿಯ ಚಿತ್ರ ನೋಡಲೇಬೇಕು. ಆಮೇಲೆ ಬಣ್ಣದ ಔಷಧ 1–2 ಮಿ.ಲೀ., ಅದು ಹರಡಿದ ರೀತಿ ಸರಿಯಿದ್ದರೆ ಸ್ಟಿರಾಯ್ಡ್ ಮತ್ತು ಸಲೈನ್ ಸೇರಿ 3–5 ಮಿ.ಲೀ. ನಿಧಾನಕ್ಕೆ. ಎಚ್ಚರವಾಗಿರುವುದು ನಿಮ್ಮ ರಕ್ಷಣೆಗೇ: ಸೂಜಿ ಬೆನ್ನುಹುರಿಗೆ ತಾಗಿದರೆ ಮೊದಲು ಗೊತ್ತಾಗುವುದು ನಿಮಗೆ, ಕೈಗೋ ಕಾಲಿಗೋ ಚುರುಕೆಂದ ಕೂಡಲೇ ಬಾಯಿಬಿಟ್ಟು ಹೇಳಬೇಕು, ಕದಲಬಾರದು. ಪೂರ್ತಿ ನಿದ್ದೆ ಬರಿಸಿ ಮಾಡುವುದು ಅದಕ್ಕೇ ತಪ್ಪು.

ಅರ್ಧ ಗಂಟೆಯಿಂದ ಒಂದು ಗಂಟೆ ಅಲ್ಲೇ ಇರಿಸಿಕೊಳ್ಳುತ್ತಾರೆ. ಆ ದಿನ ಬೈಕು, ಕಾರು ಮುಟ್ಟಬೇಡಿ, ಜೊತೆಗೊಬ್ಬರು ಇರಲಿ. ಸಂಜೆಗೆ ನೋವು ಮರಳಿದರೆ ಗಾಬರಿ ಬೇಡ. ಮರಗಟ್ಟಿಸಿದ್ದು ಇಳಿದಿರುತ್ತದೆ, ಸ್ಟಿರಾಯ್ಡ್ ಕೆಲಸ ತೋರಿಸಲು ಎರಡು ದಿನದಿಂದ ಒಂದು ವಾರ ಬೇಕು. ಮುಖ ಕೆಂಪೇರುವುದು, ಬಿಕ್ಕಳಿಕೆ, ಒಂದೆರಡು ರಾತ್ರಿ ನಿದ್ದೆಗೇಡು, ಮುಟ್ಟಿನ ಏರುಪೇರು ತಾತ್ಕಾಲಿಕ. ಕೂತರೆ ಜೋರಾಗಿ ಮಲಗಿದರೆ ತಗ್ಗುವ ತಲೆನೋವು ಬಂದರೆ ಹೊದಿಕೆ ತೂತಾಗಿರಬಹುದು, ಫೋನ್ ಮಾಡಿ. ಗಂಟೆಗಂಟೆಗೂ ಏರುವ ಕುತ್ತಿಗೆ ನೋವು, ಕೈಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ಜ್ವರದ ಜೊತೆ ಕತ್ತು ಬಿಗಿಯುವುದು ಆದರೆ ನಡುರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಹೋಗಿ. ರಕ್ತ ಹೆಪ್ಪುಗಟ್ಟಿ ಬೆನ್ನುಹುರಿ ಒತ್ತುತ್ತಿದ್ದರೆ ಬೆಳಗಾಗುವ ತನಕ ಕಾಯುವ ಹಾಗಿಲ್ಲ.

ಎರಡನೇ ವಾರಕ್ಕೆ ಆ ಹಾಳೆ ತೆಗೆದು ನೋಡುತ್ತೇವೆ. ನೋವು ಅರ್ಧಕ್ಕಿಂತ ಇಳಿದಿದ್ದರೆ ನಿಂತಿದ್ದ ವ್ಯಾಯಾಮ ಅದೇ ವಾರ ಶುರುವಾಗಬೇಕು. ಹಾಯಾಗಿದೆ ಎಂದು ಸುಮ್ಮನೆ ಕುಳಿತವರು ಬಿಡುವನ್ನು ಕಳೆದುಕೊಳ್ಳುತ್ತಾರೆ. ಏನೂ ಇಳಿಯದಿದ್ದರೆ ಅದೇ ಜಾಗಕ್ಕೆ ಅದೇ ಸೂಜಿ ಮತ್ತೆ ಕೊಡುವುದರಲ್ಲಿ ಅರ್ಥವಿಲ್ಲ. “ಮೂರು ಇಂಜೆಕ್ಷನ್ ಕೋರ್ಸ್” ಎಂಬುದು ಹಳೆಯ ರೂಢಿ, ಅದಕ್ಕೆ ಆಧಾರವಿಲ್ಲ. ಫಲ ಸಿಕ್ಕವರಿಗೂ ವರ್ಷಕ್ಕೆ ಮೂರರ ಮೇಲೆ ಹೋಗದಿರುವುದು ಕ್ಷೇಮ, ಸ್ಟಿರಾಯ್ಡ್ ಒಟ್ಟುಗೂಡಿದರೆ ಮೂಳೆ ಸವೆಯುತ್ತದೆ.

ಶಸ್ತ್ರಚಿಕಿತ್ಸೆ ಬೇಕಾಗುವುದು ಕೈಯ ಬಲ ಕುಂದುತ್ತಲೇ ಇದ್ದರೆ, ಬೆನ್ನುಹುರಿ ಒತ್ತಿದ್ದರೆ, ಅಥವಾ ತಿಂಗಳುಗಟ್ಟಲೆ ಎಲ್ಲ ಮಾಡಿಯೂ ಕೈನೋವು ಬಿಡದಿದ್ದರೆ. ಸ್ವೀಡನ್ನಿನಲ್ಲಿ 81 ಮಂದಿಯನ್ನು ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ಕಾಲರ್ ಎಂದು ಮೂರು ಗುಂಪು ಮಾಡಿ ನೋಡಿದ 1997ರ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆಯವರು ಮುಂದಿದ್ದರು, ವರ್ಷ ತುಂಬುವಾಗ ನೋವಿನಲ್ಲಿ ಮೂವರೂ ಒಂದೇ ಮಟ್ಟದಲ್ಲಿದ್ದರು.

ಆಸ್ಪತ್ರೆ ಬಿಡುವಾಗ ಡಿಸ್ಚಾರ್ಜ್ ಚೀಟಿಯನ್ನು ಓದಿ. “ಸ್ಪೈನಲ್ ಇಂಜೆಕ್ಷನ್ ಕೊಡಲಾಗಿದೆ” ಎಂದಷ್ಟೇ ಇದ್ದರೆ ಒಪ್ಪಬೇಡಿ. ಯಾವ ಮಟ್ಟ, ಯಾವ ಬದಿ, ಯಾವ ದಾರಿ, ಸ್ಟಿರಾಯ್ಡ್‌ನ ಹೆಸರು, ಮಿಲಿಗ್ರಾಂ, ದಿನಾಂಕ ಬರೆಸಿಕೊಳ್ಳಿ. ಬಣ್ಣದ ಔಷಧ ಹರಡಿದ ಎಕ್ಸ್‌ರೇ ಚಿತ್ರದ ಪ್ರತಿ ಕೇಳಿ ಪಡೆಯಿರಿ. ಮುಂದೆ ನೋಡುವ ವೈದ್ಯರು ಸೂಜಿ ಕೆಲಸ ಮಾಡಲಿಲ್ಲವೋ, ಸೂಜಿ ಜಾಗಕ್ಕೇ ತಲುಪಲಿಲ್ಲವೋ ಎಂದು ಹೇಳಬೇಕಾದರೆ ಆ ಚಿತ್ರ ಬೇಕಾಗುತ್ತದೆ.